ಗಿರಿಜಕ್ಕನ ದನಿಯೊಂದು ಬಿಟ್ಟು

ಮೊನ್ನೆ ಗಂಗಾವತಿಗೆ ಹೋಗಿದ್ದೆ. ಬಸ್ಸು ಊರು ಸೇರುವ ಮೊದಲೇ ಕಿಟಕಿಯಿಂದ ತೌಡಿನ ವಾಸನೆ ನುಗ್ಗಿತು. ಕುದಿಸಿದ ನೆಲ್ಲಿನ ಬಿಸಿ, ಗೋಣಿಚೀಲದ ಧೂಳು, ಅದರ ಹಿಂದೆ ಎಲ್ಲೋ ಒಂದಿಷ್ಟು ಹುಳಿ. ಪಕ್ಕದಲ್ಲಿ ಕುಳಿತಿದ್ದ ಮೇಷ್ಟ್ರು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡರು. ನಾನು ಕಿಟಕಿಯನ್ನು ಇನ್ನಷ್ಟು ಸರಿಸಿದೆ. ಅವರು ನನ್ನನ್ನು ನೋಡಿದ ರೀತಿಯನ್ನು ಕಲಿತಿಟ್ಟುಕೊಂಡಿದ್ದೇನೆ, ಮುಂದೆಲ್ಲಾದರೂ ಬೇಕಾಗುತ್ತದೆ.

ನನ್ನ ಕಸುಬೇ ಅದು. ಕೊಪ್ಪಳದಲ್ಲಿ ತರಕಾರಿ ಮಾರುವ ಆಟೋಗಳಿಗೆ ಕೂಗು ಮುದ್ರಿಸಿ ಕೊಡುತ್ತೇನೆ. ನಿಮ್ಮ ಓಣಿಯಲ್ಲಿ ಮುಂಜಾನೆ ಒಬ್ಬ ಅಜ್ಜ ‘ಉಳ್ಳಾಗಡ್ಡಿ ಬಂದಾವ್ರೀ’ ಎಂದು ನಿದ್ದೆ ಕೆಡಿಸಿದರೆ ಆ ಅಜ್ಜ ನಾನೇ. ಅವನ ಹಿಂದೆಯೇ ‘ಹಳೇ ಕಬ್ಬಿಣಾ’ ಎಂದು ಬರುವ ಹೆಂಗಸೂ ನಾನೇ. ಬೈಗುಳ ಬಂದರೆ ಇಬ್ಬರೂ ಹಂಚಿಕೊಳ್ಳುತ್ತೇವೆ.

ತೌಡಿನ ವಾಸನೆ ಮೂಗಿಗೆ ಬಿದ್ದರೆ ನನಗೆ ಆ ವಾಸನೆಯೇ ಇಲ್ಲದಿದ್ದ ಒಂದು ಬೇಸಿಗೆ ನೆನಪಾಗುತ್ತದೆ. ಆ ವರ್ಷ ಎರಡನೇ ಬೆಳೆಗೆ ಕಾಲುವೆಗೆ ನೀರು ಬಿಡಲಿಲ್ಲ. ಗಂಗಾವತಿಯ ಕಾಲುವೆ ಒಣಗಿದರೆ ಗಿರಣಿ ನಿಲ್ಲುತ್ತದೆ, ಲಾರಿ ನಿಲ್ಲುತ್ತದೆ, ಲಾರಿಯವರಿಗೆ ಚಹಾ ಕಾಸುವ ಒಲೆಯೂ ನಿಲ್ಲುತ್ತದೆ. ವರ್ಷವಿಡೀ ಗಡಗಡ ಎನ್ನುತ್ತಿದ್ದ ಊರು ಒಮ್ಮೆಗೇ ಸುಮ್ಮನಾದದ್ದೇ ಜನರಿಗೆ ನಿದ್ದೆ ಹಾರಿಹೋಯಿತು. ಎಲ್ಲರೂ ಸುಮ್ಮನೆ ಓಡಾಡುತ್ತಿದ್ದರು. ಕಾಲುವೆ ತನಕ ಹೋಗಿ ತಳದ ಬಿರುಕು ನೋಡಿ ಬರುವುದು, ಬಂದು ಮತ್ತೆ ಹೋಗುವುದು. ನೀರು ನಮಗೆ ಹೇಳದೆ ಬಂದುಬಿಟ್ಟಿದ್ದರೆ ಎಂಬ ಸಂಶಯ.

ನನ್ನ ಹೆಸರು ಶರಣಪ್ಪ, ಇರಕಲ್ಲಗಡದವನು. ಕೊಪ್ಪಳದಲ್ಲಿ ಡಿಗ್ರಿ ಹೆಸರಿನಲ್ಲಿ ಮೂರು ವರ್ಷ ಪ್ರಾಧ್ಯಾಪಕರ ದನಿ ಕಲಿತು, ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಹಮಾಲರ ಮುಕಾದಮನಾಗಿದ್ದ ನನ್ನ ಸೋದರಮಾವನ ಬಳಿಗೆ ಗುಮಾಸ್ತಿಕೆ ಕಲಿಯಲು ಬಂದಿದ್ದೆ. ನಾನು ಬಂದ ವಾರವೇ ಮಿಲ್ಲು ನಿಂತಿತು. “ಕಾಲುವಿ ನೀರ ಕುಡದು ಬಂದಾನ ನೋಡ್ರಿ ನನ್ನ ಅಳಿಯ” ಎಂದು ಮಾವ ಎಲ್ಲರಿಗೂ ಪರಿಚಯಿಸುತ್ತಿದ್ದ.

ಆ ಮಿಲ್ಲಿನ ತೂಕದ ಕಟ್ಟೆಯಲ್ಲಿ ಚೀಟಿ ಬರೆಯುತ್ತಿದ್ದವಳು ಗಿರಿಜಕ್ಕ. ಲಾರಿಯೇ ಬರದ ಮೇಲೆ ಚೀಟಿ ಯಾರಿಗೆ? ಸುಮ್ಮನೆ ಕೂರಲಾರದ ಹೆಂಗಸು, ಫೋನಿನಲ್ಲಿ ಕೆಲಸ ಹುಡುಕಿದಳು. ಯಾವುದೋ ಒಂದು ಆ್ಯಪ್‌ನವರು ನಮ್ಮ ಕಡೆಯ ಮಾತನ್ನು ಕೊಳ್ಳುತ್ತಿದ್ದರು. ಅವರು ಚಿತ್ರ ತೋರಿಸುತ್ತಾರೆ, ನೀವು ಕಂಡದ್ದನ್ನು ಮನೆಯಲ್ಲಿ ಆಡುವ ಮಾತಿನಲ್ಲೇ ಹೇಳಬೇಕು. ಯಂತ್ರಕ್ಕೆ ಮಾತು ಕಲಿಸುವುದಕ್ಕಂತೆ. ಮಿಲ್ಲಿನಲ್ಲಿ ನೆಲ್ಲು ಹರವುತ್ತಿದ್ದ, ನುಚ್ಚು ಕೇರುತ್ತಿದ್ದ ಹೆಣ್ಣುಮಕ್ಕಳೆಲ್ಲ ಕೆಲಸವಿಲ್ಲದೆ ಕೂತಿದ್ದರು. ಮಾತಿಗೇನು ಬರವೇ? ಗಿರಿಜಕ್ಕ ಎಲ್ಲರನ್ನೂ ಸೇರಿಸಿ ವಾಟ್ಸ್‌ಆ್ಯಪ್‌ನಲ್ಲಿ ‘ಕೆಲಸ ಐತಿ’ ಎಂಬ ಗುಂಪು ಮಾಡಿದಳು.

ಖಾಲಿ ಗೋದಾಮಿನಲ್ಲಿ ಮಾತಾಡಿದರೆ ಗುಂಯ್ ಎಂದು ಮಾತು ವಾಪಸ್ಸು ಬರುತ್ತಿತ್ತು, ಆ್ಯಪ್ ಅದನ್ನು ಒಪ್ಪುತ್ತಿರಲಿಲ್ಲ. ಅದಕ್ಕೆ ಗಿರಿಜಕ್ಕ ನನ್ನ ಮಾವನ ಹಮಾಲರಿಂದ ಖಾಲಿ ಗೋಣಿಚೀಲದ ಕಟ್ಟುಗಳನ್ನು ಆಳೆತ್ತರ ಪೇರಿಸಿ ಮೂಲೆಯಲ್ಲಿ ಒಂದು ಗೂಡು ಕಟ್ಟಿಸಿದಳು. ಒಳಗೆ ಕುಳಿತು ಮಾತಾಡಿದರೆ ದನಿ ಹತ್ತಿಯ ಮೇಲೆ ಬಿದ್ದಂತೆ ಅಲ್ಲೇ ನಿಲ್ಲುತ್ತಿತ್ತು. ಊರಿನಲ್ಲಿ ಎಲ್ಲೂ ಇಲ್ಲದ ತೌಡಿನ ವಾಸನೆ ಆ ಗೂಡಿನಲ್ಲಿ ಮಾತ್ರ ಉಳಿದಿತ್ತು. ಸೆಕೆಯೆಂದರೆ ಸೆಕೆ. ಒಬ್ಬೊಬ್ಬರೇ ಒಳಗೆ ಹೋಗಿ, ಮಾತಾಡಿ, ಬೆವೆತು ಹೊರಬರುತ್ತಿದ್ದರು. ಹೊರಗೆ ಉಳಿದವರು ಗದ್ದಲ ಮಾಡಬಾರದು. ನಮ್ಮ ಹೆಣ್ಣುಮಕ್ಕಳನ್ನು ಗದ್ದಲ ಮಾಡದೆ ಕೂರಿಸಿದ ಏಕೈಕ ಸಂಸ್ಥೆ ಆ ಆ್ಯಪ್ ಇರಬೇಕು.

ನಿಯಮವೆಲ್ಲ ಇಂಗ್ಲಿಷಿನಲ್ಲಿ. ಗುಂಪಿನಲ್ಲಿ ಅರ್ಧ ಜನಕ್ಕೆ ಕನ್ನಡವೂ ಓದಲು ಬರುತ್ತಿರಲಿಲ್ಲ. ಹೀಗಾಗಿ ಗಿರಿಜಕ್ಕ ದಿನಾ ಮುಂಜಾನೆ ಗುಂಪಿಗೆ ತನ್ನ ದನಿಯಲ್ಲೇ ಒಂದು ತುಣುಕು ಕಳಿಸುತ್ತಿದ್ದಳು. ಇವತ್ತಿನ ಕೆಲಸ ಇಂಥದು, ಹೀಗೆ ಮಾಡಬೇಕು, ಹೀಗೆ ಮಾಡಬಾರದು. ಆ ದನಿ ಬಂದ ಮೇಲೆಯೇ ಹೆಣ್ಣುಮಕ್ಕಳು ಕೆಲಸ ಹಿಡಿಯುತ್ತಿದ್ದರು. ಬೇರೆ ಯಾರು ಏನು ಹಾಕಿದರೂ “ಅಕ್ಕನ ದನಿ ಬಂದೈತೇನು?” ಎಂದು ಕೇಳಿ ಸುಮ್ಮನಾಗುತ್ತಿದ್ದರು.

ಇದನ್ನು ನೋಡಿಯೂ ಸುಮ್ಮನಿರಲು ನಾನೇನು ಸಂತನೇ? ಒಂದು ದಿನ ಗಿರಿಜಕ್ಕನ ದನಿಯಲ್ಲಿ, ಅವಳ ಹಾಗೆಯೇ ಮಾತಿನ ನಡುವೆ ಮೂಗಿನಿಂದ ಉಸಿರು ಬಿಟ್ಟು, “ನಾಳೆ ಎಲ್ಲಾರೂ ಶರಣಪ್ಪಗ ಮಂಡಕ್ಕಿ ಮಿರ್ಚಿ ತರಬೇಕ್ರಿ, ಇದು ಕಂಪನಿ ರೂಲ್ಸ್” ಎಂದು ಹಾಕಿದೆ. ಮಾರನೆಯ ದಿನ ಗೋದಾಮಿನ ಕಟ್ಟೆಯ ಮೇಲೆ ಮಂಡಕ್ಕಿಯ ಗುಡ್ಡೆ. ಎಲ್ಲರೂ ನಕ್ಕರು, ಗಿರಿಜಕ್ಕನೂ ನಕ್ಕು ಒಂದು ಮಿರ್ಚಿ ತಿಂದಳು. ಆಮೇಲೆ ನನ್ನನ್ನು ಆಚೆ ಕರೆದಳು.

“ತಮ್ಮಾ, ನಿಮ್ಮ ಮಾವಂದು ಮಾಡು, ಸಾಹುಕಾರಂದು ಮಾಡು, ಬೇಕಾದ್ರ ಎಮ್ಮಿದೂ ಮಾಡು. ನನ್ನ ದನಿ ಒಂದ ಬಿಟ್ಟಬಿಡು.”

“ಯಾಕ ಯಕ್ಕಾ, ಛಲೋ ಬಂದಿಲ್ಲೇನು?”

“ಛಲೋ ಬಂದೈತಿ, ಅದಕ್ಕ ಬ್ಯಾಡಂತೀನಿ. ಇವರು ಓದೂದಿಲ್ಲಪ್ಪ. ನನ್ನ ದನಿ ಕೇಳಿ ಹೆಜ್ಜಿ ಇಡ್ತಾರ.”

ನಾನು ‘ಆಯ್ತು’ ಎಂದೆ, ಅದನ್ನೂ ಮಾವನ ದನಿಯಲ್ಲಿ. ಹತ್ತಿರದಲ್ಲೇ ಗುಡಿಸುತ್ತಿದ್ದ ಮುದುಕಿಯೊಬ್ಬಳು ಎಲ್ಲ ಕೇಳಿಸಿಕೊಂಡು ನಕ್ಕಳು.

ಅವಳೇ ಹುಲಿಗೆವ್ವ ಆಯಿ, ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳು. ಮಿಲ್ಲಿನ ಅಂಗಳ ಗುಡಿಸುತ್ತಿದ್ದವಳು. ಅವಳ ಬಳಿ ಫೋನೇ ಇರಲಿಲ್ಲ. ಹಲವರ ಬಳಿ ಇರಲಿಲ್ಲ. ಗಿರಿಜಕ್ಕನ ಫೋನಿನಲ್ಲೇ ಒಬ್ಬೊಬ್ಬರ ಹೆಸರಿನ ಖಾತೆ ತೆರೆದು, ಒಬ್ಬರಾದ ಮೇಲೊಬ್ಬರು ಕೂತು ಮಾತಾಡುತ್ತಿದ್ದರು. ಆಯಿಗೆ ಒಂದೇ ಹಟ. ಮಾತು ಮಾರಿ ಬಂದ ದುಡ್ಡಿನಲ್ಲಿ ತನ್ನದೇ ಒಂದು ಫೋನು ತಗೊಳ್ಳಬೇಕು. “ಮಗಾ ಕರದ್ರೂ ಮೊದಲ ಸೊಸಿ ಎತ್ತತಾಳ. ನನಗ ಕೊಡೂದ್ರಾಗ ಮಾತ ಆರಿ ಹೋಗಿರ್ತಾವು” ಎನ್ನುತ್ತಿದ್ದಳು. ಆ್ಯಪ್‌ನವರು ಕೂಡಿದ ದುಡ್ಡನ್ನು ಒಂದು ಮಟ್ಟ ಮುಟ್ಟುವ ತನಕ ಬಿಡುವುದಿಲ್ಲ. ಆಯಿ ಆ ಮಟ್ಟದತ್ತ ಇರುವೆಯ ಹಾಗೆ ನಡೆಯುತ್ತಿದ್ದಳು.

ಯಾಕೆಂದರೆ ಅವಳ ಅರ್ಧದಷ್ಟು ಮಾತುಗಳು ನಪಾಸಾಗಿ ವಾಪಸ್ಸು ಬರುತ್ತಿದ್ದವು. ಚಿತ್ರ ಬಂದ ಕೂಡಲೇ ಅವಳು ಫೋನಿನ ತಳಕ್ಕೆ ಬಾಯಿ ಕೊಟ್ಟು, “ಕೇಳಸ್ತೈತೇನ್ರಿ? ನಾ ಗಂಗಾವತಿ ಹುಲಿಗೆವ್ವರೀ. ಆರಾಮ ಅದೀರಿಲ್ಲೋ?” ಎಂದೇ ಶುರು ಮಾಡುತ್ತಿದ್ದಳು. ಚಿತ್ರದಲ್ಲಿ ಇಲ್ಲದ್ದನ್ನು ಹೇಳಬಾರದು ಎಂದು ಗಿರಿಜಕ್ಕ ಎಷ್ಟು ಹೇಳಿದರೂ ಅಷ್ಟೇ.

“ಆಯಿ, ಆ ಕಡೆ ಮನಶ್ಯಾರು ಇಲ್ಲ, ಮಶೀನ ಐತಿ.”

“ಇರ್ಲೇಳು. ಮಶೀನಾದ್ರೂ ಮಾತ ಕಲಿಯಾಕ ಬಂದೈತಿ. ಮಾತಾಡ್ಸದ ಹೆಂಗ ಕಲಸ್ಲಿ?”

ಒಮ್ಮೆ ಹಿಮದ ಬೆಟ್ಟದ ಚಿತ್ರ ಬಂತು. ಆಯಿ ಕಣ್ಣು ಕಿರಿದು ಮಾಡಿ, “ಉಪ್ಪಿನ ರಾಶಿರೀ. ಮಳಿ ಬರೂದ್ರಾಗ ಮುಚ್ಚ್ರಿ” ಎಂದಳು. ಅದು ಪಾಸಾಯಿತು! ನನ್ನದು ಮಾತ್ರ ಸಾಲುಸಾಲಾಗಿ ನಪಾಸು. ‘ಒಬ್ಬರಿಗಿಂತ ಹೆಚ್ಚು ಜನ ಮಾತಾಡಿದ್ದಾರೆ’ ಎಂಬ ಷರಾ. ನಾನು ಒಬ್ಬನೇ ಇದ್ದೆ, ದೇವರಾಣೆ. ಆದರೆ ಎತ್ತಿನ ಚಿತ್ರ ಕಂಡರೆ ಯಲಬುರ್ಗಾ ಕಡೆಯ ಯಾವನೋ ಅಜ್ಜನ ದನಿ ತಾನೇ ಬರುತ್ತಿತ್ತು. ಆ ಕಡೆಯವರ ಮಾತು ರುಮಾಲು ಸುತ್ತಿದ ಹಾಗೆ, ಅವಸರವಿಲ್ಲ. ಅಂಗಡಿಯ ಚಿತ್ರ ಬಂದರೆ ಗಂಗಾವತಿಯಲ್ಲಿ ಆಂಧ್ರದ ರೈತರು ನೆಲೆಸಿದ ಕ್ಯಾಂಪಿನ ಹೆಂಗಸು ಒಳಗಿನಿಂದ ತೆಲುಗು ಬೆರೆಸಿ ಚೌಕಾಸಿ ಶುರು ಮಾಡುತ್ತಿದ್ದಳು. ಅಂತೂ ಯಂತ್ರ ನನ್ನನ್ನು ಗುಂಪು ಎಂದು ತಿಳಿದಿತ್ತು.

ಬೇಸಿಗೆ ಏರಿದ ಹಾಗೆ ಗಂಗಾವತಿಯವರ ಮಾತು ಸಾಕು ಎಂದು ಆ್ಯಪ್ ಬಾಗಿಲು ಹಾಕಿತು. ಯಲಬುರ್ಗಾ, ಕುಷ್ಟಗಿ ಕಡೆಯ ವಯಸ್ಸಾದವರು ಮಾತ್ರ ಬೇಕಂತೆ. ಆಗ ಶುರುವಾದ ಚಡಪಡಿಕೆಯನ್ನು ಹೇಗೆ ಹೇಳಲಿ? ಎಲ್ಲರ ಹೆಬ್ಬೆರಳು ಫೋನಿನ ಮೇಲೆ ಮೇಲಿಂದ ಕೆಳಗೆ ಎಳೆಯುತ್ತಲೇ ಇತ್ತು, ನೋಡಿದರೆ ಖಾಲಿ, ಎಳೆದರೆ ಮತ್ತೆ ಖಾಲಿ. ಕಾಲುವೆ ನೋಡಿ ಬರುವುದು, ಆ್ಯಪ್ ನೋಡುವುದು. ಎರಡೂ ಒಣ. ಆಯಿಗೆ ಮಟ್ಟ ಮುಟ್ಟಲು ಇನ್ನು ಸ್ವಲ್ಪವೇ ಉಳಿದಿತ್ತು.

ಮಲ್ಲೇಶಿ ಬಂದದ್ದು ಆಗ. ಮಿಲ್ಲಿನ ಟ್ರ್ಯಾಕ್ಟರ್ ಓಡಿಸುತ್ತಿದ್ದ ನನ್ನ ವಾರಿಗೆಯ ಹುಡುಗ. ಇಂಥ ಕೆಲಸದ ದೊಡ್ಡ ದೊಡ್ಡ ಗುಂಪುಗಳಲ್ಲೆಲ್ಲ ಅವನಿದ್ದ. ಅಲ್ಲಿ ಕೆಲಸಕ್ಕಿಂತ ಉಪಾಯಗಳೇ ಹೆಚ್ಚು ಓಡಾಡುತ್ತವೆ: ಊರು ಹೀಗೆ ಬದಲಿಸಿ, ವಯಸ್ಸು ಹೀಗೆ ಏರಿಸಿ, ಸಿಕ್ಕಿಬಿದ್ದರೆ ಹೀಗೆ ಉತ್ತರ ಕೊಡಿ.

“ಶರಣ್ಯಾ, ಊರು ಬದ್ಲಿ ಮಾಡೂದು ನಾ ತೋರಸ್ತೀನಿ. ಮಾತು ಹೆಂಗ ಎಳೀಬೇಕು ನೀ ಕಲಸು. ಆದ್ರ ಇವರು ನಮ್ಮ ಮಾತು ಕೇಳೂದಿಲ್ಲ. ಅಕ್ಕನ ದನಿಯಾಗ ಒಂದು ಹಾಕು.”

“ಆ ದನಿ ಬರೂದಿಲ್ಲೋ.”

“ಮಂಡಕ್ಕಿ ತಿಂದ್ಯಲ್ಲಲೇ ಅದರ ಮ್ಯಾಲೆ!”

“ಮಂಡಕ್ಕಿ ಜೋಡಿ ಅದೂ ಹೊಟ್ಟ್ಯಾಗ ಹೋತು.”

ಅವನು ನಕ್ಕ, ಬಿಡಲಿಲ್ಲ. ಗಿರಿಜಕ್ಕ ತವರಿಗೆಂದು ಕನಕಗಿರಿಗೆ ಹೋಗಿದ್ದ ದಿನ ತಾನೇ ಚಿತ್ರ ಸಮೇತ ಗುಂಪಿನಲ್ಲಿ ಉಪಾಯ ಹಾಕಿಬಿಟ್ಟ. ಆ ಮುಂಜಾನೆ ಅಕ್ಕನ ದನಿ ಬಂದಿರಲಿಲ್ಲ. ಆದರೆ ವಾರಗಟ್ಟಲೆ ಖಾಲಿ ಕೂತವರು ಎಷ್ಟೆಂದು ಕಾಯುತ್ತಾರೆ? ಅಕ್ಕ ಊರಿಗೆ ಹೋಗುವಾಗ ಕೆಲಸ ಬಂದರೆ ಇರಲಿ ಎಂದು ತನ್ನ ಫೋನು ಗೋದಾಮಿನಲ್ಲೇ ಬಿಟ್ಟಿದ್ದಳು. ಮಧ್ಯಾಹ್ನದೊಳಗೆ ಅದರಲ್ಲಿ ನಾಲ್ಕಾರು ಖಾತೆಗಳು ಯಲಬುರ್ಗಾಕ್ಕೆ ಗುಳೆ ಹೋಗಿದ್ದವು. ಆಯಿಯದನ್ನೂ ಯಾರೋ ಬದಲಿಸಿ ಅವಳನ್ನು ಗೂಡಿನೊಳಗೆ ಕಳಿಸಿದರು. ಹೊರಗೆ ನಾವೆಲ್ಲ ಉಸಿರು ಹಿಡಿದು ಕೂತಿದ್ದೆವು. ಚೀಲದ ಸಂದಿಯಿಂದ ಸ್ಪಷ್ಟವಾಗಿ ಕೇಳಿಸಿತು:

“ಕೇಳಸ್ತೈತೇನ್ರಿ? ನಾ ಗಂಗಾವತಿ ಹುಲಿಗೆವ್ವರೀ.”

ಮಲ್ಲೇಶಿ ಹಣೆ ಚಚ್ಚಿಕೊಂಡ. ಯಲಬುರ್ಗಾದ ಖಾತೆಯಲ್ಲಿ ಕೂತು ಗಂಗಾವತಿಯ ಹೆಸರು ಕೂಗುವ ಕಳ್ಳಿಯನ್ನು ಯಾವ ಯಂತ್ರ ಬಿಟ್ಟೀತು? ಮರುದಿನ ಆ ಫೋನಿನ ಎಲ್ಲ ಖಾತೆಗಳೂ ಸ್ತಬ್ಧ. ಮಲ್ಲೇಶಿಯ ಫೋನಿನದೂ ನಿಂತಿತು. ಸಮಜಾಯಿಷಿ ಕೊಡಿ, ಅಲ್ಲಿಯವರೆಗೆ ಕೂಡಿದ ದುಡ್ಡು ಸಹಿತ ಎಲ್ಲ ತಡೆಹಿಡಿದಿದೆ ಎಂಬ ಸಂದೇಶ.

ಗಿರಿಜಕ್ಕ ಬಂದು ಮೊದಲು ಮಲ್ಲೇಶಿ ಹಾಕಿದ್ದನ್ನು ಅಳಿಸಿದಳು. ಆಮೇಲೆ ಎಲ್ಲರನ್ನೂ ಗೋದಾಮಿಗೆ ಕರೆದಳು. ಮಲ್ಲೇಶಿ ಅಲುಗಾಡದೆ ಕೂತಿದ್ದ.

“ದಾರಿ ಗೊತ್ತಿದ್ದು ಹೇಳ್ಳಿಲ್ಲಂದ್ರ ಹೊಟ್ಟಿಬಾಕ ಅಂತೀರಿ. ಹೇಳಿದ್ರ ಕಳ್ಳ ಅಂತೀರಿ. ನಾ ಏನಾಗ್ಲಿ ಯಕ್ಕಾ?”

“ನೀ ಒಬ್ಬನ ಮಾಡಿದ್ರ ನಿಂದು ನಿನಗ. ಗುಂಪಿನಾಗ ಹಾಕಿದಿ ನೋಡು, ಓದಾಕ ಬರಲಾರದವರ ಕೊಳ್ಳಿಗೂ ಹಗ್ಗ ಬಿತ್ತು. ಅವರಿಗೆ ಕೆಲಸ ಅಂತ ಹೇಳಿದಿ, ಸಿಕ್ಕಿಬಿದ್ರ ಏನಾಕ್ಕೈತಿ ಅಂತ ಹೇಳಿದ್ಯಾ?”

“ಒಂದು ಫೋನಿಗೆ ಒಬ್ಬರ ಅಂತ ಅವರ ರೂಲ್ಸಿನಾಗ ಐತಿ. ನಿನ್ನ ಫೋನಿನಾಗ ಎಷ್ಟು ಮಂದಿ ಅದಾರ? ಅದು ಹೇಳಿದ್ಯಾ ನೀನು?”

ನನಗೆ ಆಗ ಯಾರ ದನಿಯೂ ನೆನಪಾಗಲಿಲ್ಲ. ಗಿರಿಜಕ್ಕ ಮೂಗಿನಿಂದ ಉಸಿರು ಬಿಟ್ಟಳು.

“ಹೇಳಿಲ್ಲ. ಮಾತಾಡಿದವರದ್ದ ದನಿ, ಅವರದ್ದ ಹೆಸರು. ಫೋನು ಯಾರದ್ದಾದ್ರೇನು ಅಂತ ನನಗ ನಾನ ಅಂದ್ಕೊಂಡಿದ್ದೆ. ಕಂಪನಿಯವರಿಗೆ ಕೇಳಿರ್ಲಿಲ್ಲ.”

ಮಲ್ಲೇಶಿ ತನ್ನ ಫೋನು ಮುಂದೆ ಮಾಡಿದ. ದೊಡ್ಡ ಗುಂಪಿನಿಂದ ಬಂದ ಸಿದ್ಧ ಉತ್ತರ ಅದರಲ್ಲಿತ್ತು. ನಾವು ಯಲಬುರ್ಗಾದಿಂದ ವಲಸೆ ಬಂದ ಒಂದೇ ಮನೆಯವರು, ಒಂದೇ ಫೋನು ಬಳಸುತ್ತೇವೆ, ದಯವಿಟ್ಟು ಕ್ಷಮಿಸಿ. ಎಷ್ಟೋ ಜನ ಇದನ್ನೇ ಕಳಿಸಿ ಪಾರಾಗಿದ್ದರು. ಹೆಸರು ತುಂಬಿದರೆ ಸಾಕು.

“ಇದು ಹಾಕಿದ್ರ ನಾಳೆ ಚಾಲೂ ಆಕ್ಕೈತಿ. ಖರೇ ಹೇಳಿದ್ರ ಎಲ್ಲಾ ಹೋಗ್ತೈತಿ, ಆಯಿ ಫೋನೂ ಹೋಗ್ತೈತಿ.”

ಎಲ್ಲರೂ ಆಯಿಯ ಕಡೆ ನೋಡಿದರು. ಆಯಿ ಎಲೆಅಡಿಕೆ ಜಗಿಯುತ್ತ ಇವರೆಲ್ಲ ತನ್ನ ಕಡೆ ಯಾಕೆ ತಿರುಗಿದರು ಎಂದು ನೋಡುತ್ತಿದ್ದಳು. ಗಿರಿಜಕ್ಕ ಎರಡೂ ದಾರಿಯನ್ನು, ಎರಡರ ಅಪಾಯವನ್ನೂ ಬಿಡಿಸಿ ಹೇಳಿದಳು.

“ನಾ ಯಲಬುರ್ಗಾ ಕಂಡಾಕಿ ಅಲ್ಲ” ಎಂದಳು ಆಯಿ. “ಅವರು ಅಲ್ಲಿ ಯಾರ ಮನಿ, ಯಾವ ಓಣಿ ಅಂತ ಕೇಳಿದ್ರ ನಾ ಏನ್ ಹೇಳ್ಲಿ? ಇದ್ದದ್ದ ಹೇಳ್ರಿ. ದುಡ್ಡು ಕೊಡೂದಿಲ್ಲಂದ್ರ ನನ್ನ ಮಾತು ನನಗ ತಿರುಗಿ ಕೊಡ್ಲಿ. ಇಷ್ಟ ದಿನ ಆಡಿದ್ದು, ಎಲ್ಲಾ.”

ಮಲ್ಲೇಶಿ ಕೂಡ ನಕ್ಕುಬಿಟ್ಟ. ಇನ್ನಿಬ್ಬರು ಹೆಂಗಸರು ಅಳುಮೋರೆ ಮಾಡಿದರು, ಒಬ್ಬಳು ಸಿಟ್ಟಿನಿಂದ ಎದ್ದು ಹೋಗಿ ಮತ್ತೆ ಬಂದು ಕೂತಳು. ಕೊನೆಗೆ ಎಲ್ಲರೂ ಹೂಂ ಅಂದರು. ಮನಸ್ಸಿನಿಂದ ಅಂದರೋ ಸೆಕೆ ತಾಳದೆ ಅಂದರೋ ನಾನು ಹೇಳಲಾರೆ.

ಸಮಜಾಯಿಷಿಯನ್ನು ಬರೆದೂ ಕೊಡಬಹುದಿತ್ತು, ಮಾತಾಡಿಯೂ ಕಳಿಸಬಹುದಿತ್ತು. ಗಿರಿಜಕ್ಕ ಗೂಡಿನೊಳಗೆ ಹೋದಳು. ಫೋನು ತನ್ನದು, ಒಂದೇ ಫೋನಿನಲ್ಲಿ ಇಷ್ಟು ಜನ ಮಾತಾಡಿದ್ದು ತಾನು ಹೇಳಿದ್ದಕ್ಕೆ, ಊರು ಬದಲಿಸಿದ್ದು ತಿಳಿವಳಿಕೆಯಿಲ್ಲದೆ, ಪ್ರತಿ ದನಿಯೂ ಆಯಾ ಹೆಸರಿನವರದ್ದೇ ಎಂದು ಹೇಳಿದಳು. ಆಮೇಲೆ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಹೋಗಿ ತಮ್ಮ ಹೆಸರು, ನಿಜವಾದ ಊರು ಹೇಳಿ ಬಂದರು. ಆಯಿ ‘ಕೇಳಸ್ತೈತೇನ್ರಿ’ಯಿಂದಲೇ ಶುರು ಮಾಡಿದಳು. ಅವತ್ತು ಅವಳನ್ನು ಯಾರೂ ತಿದ್ದಲಿಲ್ಲ.

ಸಿದ್ಧ ಉತ್ತರ ಕಳಿಸಿದ ಮಲ್ಲೇಶಿಯ ಖಾತೆ ಮರುದಿನವೇ ತೆರೆಯಿತು. ಇದನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದರೂ ಇದರಲ್ಲಿ ನೀತಿಪಾಠ ಸಿಗುವುದಿಲ್ಲ. ಸಿಕ್ಕವರು ತಿಳಿಸಿರಿ. ನಮ್ಮ ಕಡೆ ಮಾತ್ರ ದಿನಗಳು ಉರುಳಿದವು. ಗಿರಿಜಕ್ಕ ಚೀಲದ ಕಟ್ಟುಗಳನ್ನು ಕಾರಣವಿಲ್ಲದೆ ಇಳಿಸಿ ಮತ್ತೆ ಪೇರಿಸುತ್ತಿದ್ದಳು. ಆಯಿ ಅಂಗಳವನ್ನು ದಿನಾ ಗುಡಿಸುತ್ತಿದ್ದಳು, ಒಂದು ಕಾಳೂ ಬೀಳದ ಅಂಗಳವನ್ನು. ಮಲ್ಲೇಶಿ ಬಾಗಿಲ ತನಕ ಬಂದು ಹೋಗುತ್ತಿದ್ದ. ಒಂದು ದಿನ ಒಳಗೆ ಬಂದು, ಯಾರನ್ನೂ ನೋಡದೆ, “ನನಗ ಬ್ಯಾಸರಾಗೈತಿ. ಬೈರಿ ಯಾರರ” ಎಂದ. ಗಿರಿಜಕ್ಕ ಬೈಯಲಿಲ್ಲ, ಚಹಾ ತರಲು ಕಳಿಸಿದಳು. ಅದು ಬೈಗುಳಕ್ಕಿಂತ ಕಷ್ಟವಾಗಿರಬೇಕು, ಸಕ್ಕರೆ ಎರಡು ಪಟ್ಟು ಹಾಕಿಸಿಕೊಂಡು ಬಂದಿದ್ದ.

ಮೇಲೆ ಮಲೆನಾಡಿನ ಕಡೆ ಮಳೆ ಹಿಡಿಯಿತು, ನಮ್ಮಲ್ಲಿ ಬರೀ ಗಾಳಿ. ಡ್ಯಾಮು ತುಂಬುತ್ತಿದೆ ಎಂಬ ಸುದ್ದಿಯ ಹಿಂದೆಯೇ ಕಾಲುವೆಗೆ ನೀರು ಬಂತು. ಊರಿಗೆ ಊರೇ ಹೋಗಿ ಕೆಸರು ನೀರಿನ ಮೊದಲ ನಾಲಿಗೆ ಬಿರುಕು ತುಂಬುವುದನ್ನು ನೋಡಿತು. ಸುಗ್ಗಿಗೆ ಮಿಲ್ಲು ಮತ್ತೆ ಗಡಗಡ ಎಂದಾಗ ಗೂಡು ಬಿಚ್ಚಿ ಚೀಲಗಳನ್ನು ನೆಲ್ಲಿಗೆ ಒಯ್ದರು. ಆ ಸದ್ದಿನಲ್ಲಿ ಇನ್ನು ಮಾತು ಮುದ್ರಿಸುವ ಹಾಗೇ ಇರಲಿಲ್ಲ. ಆ್ಯಪ್‌ನ ಉತ್ತರ ಬಂದದ್ದು ಆಗ. ಹೆಣ್ಣುಮಕ್ಕಳ ಖಾತೆಗಳನ್ನು ಎಚ್ಚರಿಕೆ ಕೊಟ್ಟು ತೆರೆದಿದ್ದರು, ದುಡ್ಡೂ ಬಿಟ್ಟಿದ್ದರು. ಗಿರಿಜಕ್ಕನ ಖಾತೆ ಮಾತ್ರ ಶಾಶ್ವತವಾಗಿ ಬಂದ್. ಫೋನು ಅವಳದು, ತಪ್ಪೊಪ್ಪಿಗೆಯೂ ಅವಳದು.

ಅವಳು ಅದನ್ನು ತೂಕದ ಕಟ್ಟೆಯ ಮೇಲೆ ನಿಂತು ಓದಿದಳು. ಮುಂದಿನ ಲಾರಿಗೆ ಕೈ ಬೀಸಿ ಒಳಗೆ ಕರೆದಳು. ಮಾರನೆಯ ಮುಂಜಾನೆ ಗುಂಪಿನಲ್ಲಿ ಅವಳ ದನಿ ಬಂತು. ಇಂಥ ಹೊಸ ಕೆಲಸ ಬಂದಿದೆ, ಮನೆಯಲ್ಲಿ ಕೂತು ಮಾಡುವವರು ಮಾಡಿ, ಹೀಗೆ ಮಾಡಬೇಕು, ಹೀಗೆ ಮಾಡಬಾರದು. ತನಗೆ ಬಾಗಿಲು ಹಾಕಿದ ಮನೆಯ ದಾರಿಯನ್ನು ಅವಳು ಇವತ್ತಿಗೂ ದಿನಾ ಹೇಳುತ್ತಾಳೆ.

ಮೊನ್ನೆ ಹೋದಾಗ ಅವಳು ಲಾರಿಗಳ ಸಾಲಿನ ನಡುವೆ ಸಿಕ್ಕಿದ್ದಳು. ದೂರದಿಂದಲೇ ಚೀಟಿ ಹಿಡಿದ ಕೈ ಎತ್ತಿದಳು. ಆಯಿ ಪೊರಕೆ ಕಂಕುಳಲ್ಲಿಟ್ಟುಕೊಂಡು, ರವಿಕೆಯೊಳಗಿನಿಂದ ಕೊನೆಗೂ ಮಟ್ಟ ಮುಟ್ಟಿ ಕೊಂಡ ತನ್ನದೇ ಫೋನು ತೆಗೆದು ತೋರಿಸಿದಳು. ನನ್ನ ನಂಬರನ್ನು ಮಲ್ಲೇಶಿಯೇ ಅದರಲ್ಲಿ ಹಾಕಿಕೊಟ್ಟ. ಗಿರಣಿಯ ಸದ್ದಿನಲ್ಲಿ ನಾವು ಬರೀ ಬಾಯಿ ಆಡಿಸಿ ನಕ್ಕೆವು.

ವಾಪಸ್ಸು ಬರುವ ಬಸ್ಸು ಕಾಲುವೆ ದಾಟುತ್ತಿದ್ದಾಗ ಫೋನು ಬಡಿದುಕೊಂಡಿತು.

“ಕೇಳಸ್ತೈತೇನ್ರಿ? ನಾ ಗಂಗಾವತಿ ಹುಲಿಗೆವ್ವರೀ.”

“ಕೇಳಸ್ತೈತಿ ಆಯಿ, ಹೇಳು.”

“ಯಾರಿದು?”

“ನಾನ, ಶರಣ.”

“ಸುಳ್ಳ ಹೇಳಬ್ಯಾಡ. ಶರಣಂದು ಈ ದನಿ ಅಲ್ಲ.”

ಬೇರೆ ಯಾರದೋ ದನಿ ಮಾಡದೆ ಅವಳ ಜೊತೆ ಎಂದಾದರೂ ಮಾತಾಡಿದ್ದೆನೋ ಇಲ್ಲವೋ. ಮಾವನ ದನಿಯಲ್ಲಿ ಒಮ್ಮೆ ಕೆಮ್ಮಿದೆ. ಯಲಬುರ್ಗಾದ ಅಜ್ಜನನ್ನು ಕರೆದೆ. ಆಯಿ ಒಪ್ಪಲಿಲ್ಲ.

“ಅವು ಯಾರರ ಮಾಡ್ತಾರ. ಖರೇ ಶರಣ ಇದ್ರ ಗಿರಿಜಾನ ದನಿ ಮಾಡು ನೋಡೂಣು.”

ಕಿಟಕಿಯಾಚೆ ಕಾಲುವೆ ತುಂಬ ನೀರು. ತೌಡಿನ ವಾಸನೆ ಇನ್ನೂ ಅಂಗಿಯಲ್ಲಿತ್ತು. ಆ ದನಿ ಗಂಟಲಿನ ತನಕ ಬಂದಿತ್ತು, ಮೂಗಿನ ಉಸಿರು ಸಮೇತ.

“ಅದೊಂದು ಬರೂದಿಲ್ಲ, ಆಯಿ.”

ಆ ಕಡೆ ಗಿರಣಿಯ ಗಡಗಡದ ನಡುವೆ ಎಲೆಅಡಿಕೆ ಉಗಿದ ಸದ್ದು ಕೇಳಿತು.

“ಹಂಗಾರ ನೀ ಶರಣನ” ಎಂದಳು ಆಯಿ. “ಉಂಡ್ಯೇನಪ್ಪ?”